ಕ್ಯಾಶ್ ಇದ್ದರೂ ಬ್ಯಾಕೆಂಡ್ ಕುಸಿಯುತ್ತಿದೆಯೇ? ಒಂದೇ ಪುಟಕ್ಕೆ ಒಮ್ಮೆಲೇ ನುಗ್ಗುವ ರಿಕ್ವೆಸ್ಟ್‌ಗಳ ದೋಷ ನಿವಾರಣೆ

ಈ ತೊಂದರೆ ಕಾಣಿಸಿಕೊಳ್ಳುವುದು ಹೀಗೆ. ಪ್ರಾಕ್ಸಿಯಲ್ಲಿ, ಅಂದರೆ ಪುಟ ತಯಾರಿಸುವ ಬ್ಯಾಕೆಂಡ್‌ನ ಮುಂದೆ ನಿಂತು ರಿಕ್ವೆಸ್ಟ್‌ಗಳನ್ನು ಸ್ವೀಕರಿಸುವ ಸರ್ವರ್‌ನಲ್ಲಿ, ಕ್ಯಾಶ್ ಹಾಕಿದ್ದೀರಿ. ತಯಾರಾದ ಪುಟದ ಪ್ರತಿಯನ್ನು ಅದು ಇಟ್ಟುಕೊಂಡು ಮತ್ತೆ ಕೊಡುತ್ತದೆ. ಹಿಟ್ ಪ್ರಮಾಣ (ಕ್ಯಾಶ್‌ನಿಂದಲೇ ಉತ್ತರ ಸಿಕ್ಕ ರಿಕ್ವೆಸ್ಟ್‌ಗಳು) ನೂರಕ್ಕೆ 99 ದಾಟಿದೆ ಎಂದು ಗ್ರಾಫ್ ತೋರಿಸುತ್ತಿದೆ. ಆದರೂ ಹತ್ತು ನಿಮಿಷಕ್ಕೊಮ್ಮೆ ಬ್ಯಾಕೆಂಡ್ ಸರ್ವರ್‌ನ ಸಿಪಿಯು ದಿಢೀರ್ ಅಂತ ಮೇಲೇರುತ್ತದೆ. ಡೇಟಾಬೇಸ್ ಕನೆಕ್ಷನ್‌ಗಳು ಖಾಲಿಯಾಗುತ್ತವೆ. ಕೆಲವರಿಗೆ 502 ದೋಷ, ಕೆಲವರಿಗೆ 504. ಬ್ಯಾಕೆಂಡ್‌ನಿಂದ ಸರಿಯಾದ ಉತ್ತರ ಬರಲಿಲ್ಲ, ಅಥವಾ ಹೊತ್ತಿಗೆ ಬರಲಿಲ್ಲ ಎಂದರ್ಥ. ಅರ್ಧ ನಿಮಿಷದಲ್ಲಿ ಎಲ್ಲ ತಾನಾಗಿಯೇ ಸರಿಹೋಗುತ್ತದೆ. ಯಾರಾದರೂ ಸರ್ವರ್‌ಗೆ ಲಾಗಿನ್ ಆಗಿ ನೋಡುವಷ್ಟರಲ್ಲಿ ಅಲ್ಲಿ ಏನೂ ಇರುವುದಿಲ್ಲ.

ಇದರ ಲೆಕ್ಕ ಸುಲಭ. ನಿಮ್ಮ ಮುಖಪುಟ ತಯಾರಿಸಲು ಬ್ಯಾಕೆಂಡ್‌ಗೆ 2 ಸೆಕೆಂಡ್ ಬೇಕು ಅಂದುಕೊಳ್ಳಿ. ಆ ಪುಟಕ್ಕೆ ಸೆಕೆಂಡಿಗೆ 300 ರಿಕ್ವೆಸ್ಟ್ ಬರುತ್ತವೆ. ಕ್ಯಾಶ್‌ನ ಅವಧಿ 10 ನಿಮಿಷ. ಅವಧಿ ಮುಗಿದು ಹೊಸ ಪ್ರತಿ ಬರುವವರೆಗಿನ ಆ 2 ಸೆಕೆಂಡಿನಲ್ಲಿ 600 ರಿಕ್ವೆಸ್ಟ್ ಬಂದಿರುತ್ತವೆ. ಪ್ರಾಕ್ಸಿಯ ಕೈಯಲ್ಲಿ ತಾಜಾ ಪ್ರತಿ ಇಲ್ಲ. ಹಾಗಾಗಿ ಅಷ್ಟನ್ನೂ ಹಿಂದಕ್ಕೆ ಕಳಿಸುತ್ತದೆ. ಎಲ್ಲರಿಗೂ ಬೇಕಿರುವುದು ಒಂದೇ ಪುಟ, ಆದರೆ ಬ್ಯಾಕೆಂಡ್ ಅದನ್ನು 600 ಸಲ ತಯಾರಿಸಲು ಹೊರಡುತ್ತದೆ. ಹೊರೆ ಜಾಸ್ತಿಯಾದಂತೆ 2 ಸೆಕೆಂಡಿನ ಕೆಲಸ 4 ಸೆಕೆಂಡ್ ಆಗುತ್ತದೆ. ಆ 4 ಸೆಕೆಂಡಿನಲ್ಲಿ ಬರುವ ರಿಕ್ವೆಸ್ಟ್ 1200. ಹೀಗೆ ಒಂದಕ್ಕೊಂದು ಸೇರಿ ಬೆಳೆಯುತ್ತದೆ.

ಹಿಟ್ ಪ್ರಮಾಣ ಇದನ್ನು ಏಕೆ ತೋರಿಸಲಿಲ್ಲ? 10 ನಿಮಿಷದಲ್ಲಿ ಬಂದ ಒಟ್ಟು ರಿಕ್ವೆಸ್ಟ್ 1,80,000. ಅದರಲ್ಲಿ 600 ಅಂದರೆ 300ಕ್ಕೆ 1. ಹಿಟ್ ಪ್ರಮಾಣ 99.6ರ ಮೇಲೇ ಇರುತ್ತದೆ. ಸರಾಸರಿ ನೋಡಿಕೊಂಡು ಕೂತರೆ ಈ ದೋಷ ಎಂದೂ ಸಿಗುವುದಿಲ್ಲ. ಒಂದು ಯುಆರ್‌ಎಲ್, ಒಂದು ಸೆಕೆಂಡ್, ಆ ಸೆಕೆಂಡಿನಲ್ಲಿ ಬ್ಯಾಕೆಂಡ್‌ಗೆ ಹೋದದ್ದು ಎಷ್ಟು? ಈ ಪ್ರಶ್ನೆಯನ್ನೇ ಹಿಡಿದು ಹೊರಡಬೇಕು.

ಕ್ಯಾಶ್ ಸ್ಟ್ಯಾಂಪೀಡ್, ಥಂಡರಿಂಗ್ ಹರ್ಡ್ ಎಂಬ ಹೆಸರುಗಳಲ್ಲಿ ಇದು ಹಳೆಯ ಸಮಸ್ಯೆ. ವೆಬ್ ಪ್ರಾಕ್ಸಿಗೆ ಮಾತ್ರ ಸೀಮಿತವೂ ಅಲ್ಲ. ಫೇಸ್‌ಬುಕ್‌ನ ಎಂಜಿನಿಯರ್‌ಗಳು ಮೆಮ್‌ಕ್ಯಾಶ್ (ಡೇಟಾಬೇಸ್‌ನ ಮುಂದೆ ಇಡುವ ಕ್ಯಾಶ್) ಬಗ್ಗೆ 2013ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಅಂಕಿ ಇದೆ. ಇಂಥ ನುಗ್ಗಾಟಕ್ಕೆ ಸಿಗುವ ಕೀಗಳ (ಕೀ ಅಂದರೆ ಕ್ಯಾಶ್‌ನಲ್ಲಿ ಒಂದು ಪ್ರತಿಯನ್ನು ಗುರುತಿಸುವ ಹೆಸರು) ಮೇಲೆ ತಡೆ ಹಾಕಿದಾಗ, ಡೇಟಾಬೇಸ್‌ಗೆ ಹೋಗುತ್ತಿದ್ದ ಕ್ವೆರಿಗಳ ಗರಿಷ್ಠ ಮಟ್ಟ ಸೆಕೆಂಡಿಗೆ 17,000ದಿಂದ 1,300ಕ್ಕೆ ಇಳಿಯಿತು. ಯಂತ್ರ ಸೇರಿಸದೆ ಸಿಕ್ಕ ಲಾಭ ಅದು.

ಪ್ರಾಕ್ಸಿಗೆ ಇರುವ ದಾರಿಗಳು

ಒಂದೇ ಪುಟಕ್ಕೆ ಹಲವು ರಿಕ್ವೆಸ್ಟ್ ಒಟ್ಟಿಗೆ ಬಂದಾಗ ಪ್ರಾಕ್ಸಿ ಮೂರರಲ್ಲಿ ಒಂದು ಮಾಡಬಹುದು. ಎಲ್ಲವನ್ನೂ ಬ್ಯಾಕೆಂಡ್‌ಗೆ ಕಳಿಸಬಹುದು. ಮೊದಲನೆಯದನ್ನು ಮಾತ್ರ ಕಳಿಸಿ, ಉಳಿದವನ್ನು ಕಾಯಿಸಿ, ಬಂದ ಉತ್ತರವನ್ನೇ ಎಲ್ಲರಿಗೂ ಹಂಚಬಹುದು. ಅಥವಾ ಹಳೆಯ ಪ್ರತಿ ಇದ್ದರೆ ಅದನ್ನು ಕೊಟ್ಟು, ಹೊಸದನ್ನು ಹಿಂದಿನಿಂದ ತರಿಸಬಹುದು.

ಎರಡನೆಯದಕ್ಕೆ ರಿಕ್ವೆಸ್ಟ್ ಕೊಲ್ಯಾಪ್ಸಿಂಗ್ ಅಥವಾ ಕೋಅಲೆಸಿಂಗ್ ಎನ್ನುತ್ತಾರೆ. 2022ರಲ್ಲಿ ಬಂದ ಎಚ್‌ಟಿಟಿಪಿ ಕ್ಯಾಶಿಂಗ್ ಮಾನದಂಡ, ಅಂದರೆ ಆರ್‌ಎಫ್‌ಸಿ 9111, ಇದಕ್ಕೆ ಅವಕಾಶ ಕೊಡುತ್ತದೆ. ಕಡ್ಡಾಯ ಮಾಡಿಲ್ಲ. ಹಾಗಾಗಿ ಒಂದೊಂದು ಪ್ರಾಕ್ಸಿ ಒಂದೊಂದು ರೀತಿ ನಡೆದುಕೊಳ್ಳುತ್ತದೆ. ಎಂಜಿನ್‌ಎಕ್ಸ್, ಸ್ಕ್ವಿಡ್, ವಾರ್ನಿಶ್ ಎಂಬ ಮೂರು ಪ್ರಾಕ್ಸಿ ಸಾಫ್ಟ್‌ವೇರ್‌ಗಳನ್ನೇ ನೋಡಿ. ಎಂಜಿನ್‌ಎಕ್ಸ್ ನೀವು ಹೇಳದ ಹೊರತು ಎಲ್ಲವನ್ನೂ ಹಿಂದಕ್ಕೆ ಕಳಿಸುತ್ತದೆ. ಸ್ಕ್ವಿಡ್ ಕೂಡ ಹಾಗೇ. ವಾರ್ನಿಶ್ ಮಾತ್ರ ಹುಟ್ಟಿನಿಂದಲೇ ಉಳಿದವರನ್ನು ಕಾಯಿಸುತ್ತದೆ. ನಾರ್ವೆಯ ಒಂದು ಪತ್ರಿಕೆಯ ವೆಬ್‌ಸೈಟ್‌ಗಾಗಿ 2006ರಲ್ಲಿ ಶುರುವಾದ ಪ್ರಾಕ್ಸಿ ಅದು. ಒಂದೇ ಸುದ್ದಿಗೆ ಸಾವಿರಾರು ಜನ ಒಟ್ಟಿಗೆ ಬರುವುದು ಪತ್ರಿಕೆಗಳ ದಿನನಿತ್ಯದ ಪಾಡು ಅಲ್ವಾ.

ಈ ಬರಹದಲ್ಲಿ ಹೆಚ್ಚಾಗಿ ಎಂಜಿನ್‌ಎಕ್ಸ್ ಹಿಡಿದು ಹೋಗುತ್ತೇನೆ, ಬೇಕಾದಲ್ಲಿ ಉಳಿದ ಎರಡನ್ನು ತರುತ್ತೇನೆ. ಸೆಟ್ಟಿಂಗ್‌ಗಳ ಹೆಸರನ್ನು ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ. ಕಾನ್ಫಿಗ್ ಫೈಲ್‌ನಲ್ಲಿ ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿಕೊಳ್ಳಿ.

ಏನನ್ನೂ ಬದಲಿಸುವ ಮೊದಲು ಲಾಗ್

ಬಹಳ ಜನ ಇಲ್ಲಿ ಆತುರ ಪಡುತ್ತಾರೆ. ಪ್ರಾಕ್ಸಿ ಕ್ಯಾಶ್ ಲಾಕ್ (ಒಂದನ್ನು ಕಳಿಸಿ ಉಳಿದವನ್ನು ಕಾಯಿಸುವ ಎಂಜಿನ್‌ಎಕ್ಸ್ ಸೆಟ್ಟಿಂಗ್) ಆನ್ ಮಾಡಿ ಅಂತ ಎಲ್ಲೋ ಓದಿ, ಅದನ್ನು ಹಾಕಿ, ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಅದು ಕೆಲವು ಸಲ ತೊಂದರೆಯನ್ನು ಇನ್ನೂ ಕೆಡಿಸುತ್ತದೆ. ಹೇಗೆ ಅಂತ ಮುಂದೆ ಹೇಳುತ್ತೇನೆ. ಮೊದಲು ನಿಮ್ಮದು ಯಾವ ಬಗೆಯ ದೋಷ ಎಂದು ಗೊತ್ತಾಗಬೇಕು. ಅದಕ್ಕೆ ಎಂಜಿನ್‌ಎಕ್ಸ್‌ನ ಆಕ್ಸೆಸ್ ಲಾಗ್‌ನಲ್ಲಿ (ಒಂದೊಂದು ರಿಕ್ವೆಸ್ಟ್‌ಗೂ ಒಂದು ಸಾಲು ಬರೆಯುವ ದಾಖಲೆ) ಮೂರು ಅಂಶ ಸೇರಿಸಿ: ಅಪ್‌ಸ್ಟ್ರೀಮ್ ಕ್ಯಾಶ್ ಸ್ಟೇಟಸ್, ರಿಕ್ವೆಸ್ಟ್ ಟೈಮ್, ಅಪ್‌ಸ್ಟ್ರೀಮ್ ರೆಸ್ಪಾನ್ಸ್ ಟೈಮ್. ಸಮಯವನ್ನು ಮಿಲಿಸೆಕೆಂಡ್‌ವರೆಗೆ ಬರೆಸಿದರೆ ಒಳ್ಳೆಯದು.

ಸ್ಟೇಟಸ್‌ನಲ್ಲಿ ಬರುವ ಪದಗಳ ಅರ್ಥ ಸರಿಯಾಗಿ ತಿಳಿದಿರಲಿ. ಮಿಸ್ ಅಂದರೆ ಕ್ಯಾಶ್‌ನಲ್ಲಿ ಪ್ರತಿಯೇ ಇರಲಿಲ್ಲ. ಎಕ್ಸ್‌ಪೈರ್ಡ್ ಅಂದರೆ ಪ್ರತಿ ಇತ್ತು, ಅವಧಿ ಮೀರಿತ್ತು, ಹೊಸದನ್ನು ಬ್ಯಾಕೆಂಡ್‌ನಿಂದ ತಂದಿದ್ದಾಯಿತು. ಅಪ್‌ಡೇಟಿಂಗ್ ಅಂದರೆ ಬೇರೆ ಯಾವುದೋ ರಿಕ್ವೆಸ್ಟ್ ಹೊಸ ಪ್ರತಿ ತರುತ್ತಿದೆ, ಅಲ್ಲಿಯವರೆಗೆ ಹಳೆಯದನ್ನು ಕೊಟ್ಟಿದೆ. ಬೈಪಾಸ್ ಅಂದರೆ ಕ್ಯಾಶ್ ಮುಟ್ಟದೆ ನೇರ ಹೋಗಿದೆ. ಮಿಸ್ ಮತ್ತು ಎಕ್ಸ್‌ಪೈರ್ಡ್ ಎರಡೂ ಬ್ಯಾಕೆಂಡ್‌ಗೆ ಹೊರೆಯೇ. ಆದರೆ ಮದ್ದು ಬೇರೆ ಬೇರೆ. ಇವೆರಡನ್ನು ಒಂದೇ ಎಂದು ಎಣಿಸುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಎರಡು ಸಮಯಗಳ ವ್ಯತ್ಯಾಸವೂ ಮುಖ್ಯ. ರಿಕ್ವೆಸ್ಟ್ ಟೈಮ್ ಅಂದರೆ ಗ್ರಾಹಕರ ರಿಕ್ವೆಸ್ಟ್ ಬಂದಾಗಿನಿಂದ ಉತ್ತರ ಕಳಿಸಿ ಮುಗಿಸುವವರೆಗಿನ ಒಟ್ಟು ಸಮಯ. ಅಪ್‌ಸ್ಟ್ರೀಮ್ ರೆಸ್ಪಾನ್ಸ್ ಟೈಮ್ ಬ್ಯಾಕೆಂಡ್‌ಗೆ ಹಿಡಿದ ಸಮಯ. ಗ್ರಾಹಕರ ನೆಟ್‌ವರ್ಕ್ ನಿಧಾನವಾಗಿಲ್ಲದಿದ್ದರೆ, ಮೊದಲನೆಯದರಿಂದ ಎರಡನೆಯದನ್ನು ಕಳೆದಾಗ ಉಳಿಯುವುದು ಪ್ರಾಕ್ಸಿಯೊಳಗೆ ಕಾದ ಸಮಯ. ಈ ಒಂದು ಸಂಖ್ಯೆ ಬಹಳಷ್ಟನ್ನು ಹೇಳಿಬಿಡುತ್ತದೆ.

ಲೈವ್ ಸರ್ವರ್‌ನಲ್ಲಿ ಮುಂದಿನ ನುಗ್ಗಾಟಕ್ಕೆ ಕಾಯುತ್ತಾ ಕೂರಬೇಕಿಲ್ಲ. ಟೆಸ್ಟ್ ಯಂತ್ರದಲ್ಲಿ 3 ಸೆಕೆಂಡ್ ಸುಮ್ನೆ ನಿದ್ದೆ ಮಾಡಿ ನಂತರ ಉತ್ತರ ಕೊಡುವ ಒಂದು ಚಿಕ್ಕ ಬ್ಯಾಕೆಂಡ್ ಬರೆಯಿರಿ. ಮುಂದೆ ಪ್ರಾಕ್ಸಿ ಇಡಿ. ಕ್ಯಾಶ್‌ನಲ್ಲಿ ಇಲ್ಲದ ಒಂದು ಯುಆರ್‌ಎಲ್‌ಗೆ ಅಪಾಚೆ ಬೆಂಚ್ ಎಂಬ ಪರೀಕ್ಷಾ ಸಾಧನದಿಂದ 50 ರಿಕ್ವೆಸ್ಟ್‌ಗಳನ್ನು ಒಟ್ಟಿಗೆ ಬಿಡಿ. ಬ್ಯಾಕೆಂಡ್ ಲಾಗ್‌ನಲ್ಲಿ ಎಷ್ಟು ಸಾಲು ಬಂತು ಎಣಿಸಿ. 50 ಬಂದರೆ ತಡೆ ಇಲ್ಲ, 1 ಬಂದರೆ ಇದೆ. ನಡುವಿನ ಸಂಖ್ಯೆ ಬಂದರೆ ಸ್ವಾರಸ್ಯ ಅಲ್ಲೇ ಇದೆ. ಇದೇ ಪರೀಕ್ಷೆಯನ್ನು ಅವಧಿ ಮುಗಿದ ಪ್ರತಿಯ ಮೇಲೂ ಮಾಡಿ. ಅಂದರೆ ಕ್ಯಾಶ್ ಅವಧಿಯನ್ನು 10 ಸೆಕೆಂಡ್ ಇಟ್ಟು, ಒಮ್ಮೆ ತುಂಬಿಸಿ, 15 ಸೆಕೆಂಡ್ ಬಿಟ್ಟು ಮತ್ತೆ 50 ಬಿಡಿ. ಈ ಎರಡನೇ ಪರೀಕ್ಷೆಯನ್ನು ಹೆಚ್ಚಿನವರು ಮಾಡುವುದೇ ಇಲ್ಲ.

ಒಂದೇ ಸೆಕೆಂಡಿನಲ್ಲಿ ರಾಶಿ ಮಿಸ್

ಒಂದೇ ಯುಆರ್‌ಎಲ್‌ಗೆ ಒಂದರ ಹಿಂದೆ ಒಂದು ಮಿಸ್ ಬಿದ್ದಿದ್ದು, ರಿಕ್ವೆಸ್ಟ್ ಟೈಮ್ ಮತ್ತು ಅಪ್‌ಸ್ಟ್ರೀಮ್ ಟೈಮ್ ಹೆಚ್ಚುಕಡಿಮೆ ಒಂದೇ ಇದ್ದರೆ, ಯಾರೂ ಯಾರಿಗೂ ಕಾದಿಲ್ಲ ಎಂದರ್ಥ. ಪ್ರಾಕ್ಸಿ ಕ್ಯಾಶ್ ಲಾಕ್ ಆಫ್ ಇದೆ. ಅದನ್ನು ಆನ್ ಮಾಡಿ. ಆವೃತ್ತಿ 1.1.12ರಿಂದಲೇ ಇರುವ ಸೌಲಭ್ಯ ಇದು.

ಆನ್ ಮಾಡಿದ್ದೇನೆ, ಆದರೂ ಹೀಗಿದೆ ಅನ್ನುವವರು ಎಂಜಿನ್‌ಎಕ್ಸ್ ಆಜ್ಞೆಗೆ ದೊಡ್ಡಕ್ಷರದ ಟಿ ಕೊಟ್ಟು ಇಡೀ ಕಾನ್ಫಿಗರೇಶನ್ ಅನ್ನು ಒಮ್ಮೆ ಹೊರತೆಗೆದು ನೋಡಿ. ಒಂದು ಲೊಕೇಶನ್‌ನಲ್ಲಿ (ಕಾನ್ಫಿಗ್‌ನಲ್ಲಿ ಒಂದು ಬಗೆಯ ಯುಆರ್‌ಎಲ್‌ಗಳಿಗೆ ಮೀಸಲಾದ ಭಾಗ) ಹಾಕಿ, ರಿಕ್ವೆಸ್ಟ್ ಮಾತ್ರ ಬೇರೆ ಲೊಕೇಶನ್‌ಗೆ ಬೀಳುತ್ತಿರುವುದು ತೀರಾ ಸಾಮಾನ್ಯ.

ಇನ್ನೊಂದು ಮಾತು. ಪುಟ ಹೋದ ಗಂಟೆಯೇ ಕ್ಯಾಶ್ ಆಗಿತ್ತು, ಅವಧಿಯೂ ಒಂದು ದಿನ, ಆದರೂ ಮತ್ತೆ ಮತ್ತೆ ಮಿಸ್ ಬರುತ್ತಿದೆಯೇ? ಪ್ರಾಕ್ಸಿ ಕ್ಯಾಶ್ ಪಾತ್ ಸಾಲಿನಲ್ಲಿ ಇನ್‌ಆಕ್ಟಿವ್ ಎಂಬ ಮೌಲ್ಯ ನೋಡಿ. ನೀವು ಬರೆಯದಿದ್ದರೆ ಅದು 10 ನಿಮಿಷ. ಅಷ್ಟು ಹೊತ್ತು ಯಾರೂ ಕೇಳದ ಪ್ರತಿಯನ್ನು, ಅದು ತಾಜಾ ಇದ್ದರೂ, ಎಂಜಿನ್‌ಎಕ್ಸ್ ತೆಗೆದುಹಾಕುತ್ತದೆ. ಹಾಗೇ ಕೀಗಳ ಪಟ್ಟಿ ಇಡುವ ಮೆಮೊರಿಯ, ಅಂದರೆ ಕೀಸ್ ಝೋನ್‌ನ, ಗಾತ್ರವನ್ನೂ ನೋಡಿ. 1 ಎಂಬಿಯಲ್ಲಿ ಸುಮಾರು 8 ಸಾವಿರ ಕೀ ಹಿಡಿಯುತ್ತವೆ. ಲಕ್ಷಾಂತರ ಪುಟಗಳಿರುವ ಸೈಟ್‌ಗೆ ಅದು ಎಲ್ಲಿ ಸಾಲುತ್ತದೆ? ಜಾಗ ತುಂಬಿದಾಗ ಹಳೆಯ ಕೀಗಳು ಹೊರಬೀಳುತ್ತವೆ.

ಲಾಕ್ ಇದ್ದರೂ ರಾಶಿ ಎಕ್ಸ್‌ಪೈರ್ಡ್

ಕೈಕೊಡುವ ಜಾಗ ಇದು. ಪ್ರಾಕ್ಸಿ ಕ್ಯಾಶ್ ಲಾಕ್ ಕೆಲಸ ಮಾಡುವುದು ಕ್ಯಾಶ್‌ಗೆ ಹೊಸದಾಗಿ ಸೇರುವ ಪುಟಕ್ಕೆ ಮಾತ್ರ. ಈಗಾಗಲೇ ಇದ್ದು ಅವಧಿ ಮುಗಿದ ಪುಟಕ್ಕೆ ಅದು ತಡೆಯಲ್ಲ. ಮೊದಲ ಪರೀಕ್ಷೆಯಲ್ಲಿ ಬ್ಯಾಕೆಂಡ್‌ಗೆ 1 ಸಾಲು, ಎರಡನೇ ಪರೀಕ್ಷೆಯಲ್ಲಿ 50 ಬರುವುದು ಇದರಿಂದಲೇ. ಹತ್ತು ನಿಮಿಷಕ್ಕೊಮ್ಮೆ ಗಡಿಯಾರ ಹಿಡಿದಂತೆ ಬರುವ ಏರಿಕೆಗೆ ಸಾಮಾನ್ಯವಾಗಿ ಇದೇ ಕಾರಣ.

ಇದಕ್ಕೆ ಬೇಕಾದ್ದು ಪ್ರಾಕ್ಸಿ ಕ್ಯಾಶ್ ಯೂಸ್ ಸ್ಟೇಲ್, ಅದರಲ್ಲಿ ಅಪ್‌ಡೇಟಿಂಗ್ ಎಂಬ ಆಯ್ಕೆ. ಆಗ ಒಂದು ರಿಕ್ವೆಸ್ಟ್ ಮಾತ್ರ ಹಿಂದಕ್ಕೆ ಹೋಗುತ್ತದೆ. ಉಳಿದವರಿಗೆ ಹಳೆಯ ಪ್ರತಿ ತಕ್ಷಣ ಸಿಗುತ್ತದೆ. ಹೋದ ಆ ಒಬ್ಬರು ಮಾತ್ರ 2 ಸೆಕೆಂಡ್ ಕಾಯುತ್ತಾರೆ. ಅವರನ್ನೂ ಕಾಯಿಸಬಾರದು ಎಂದರೆ ಪ್ರಾಕ್ಸಿ ಕ್ಯಾಶ್ ಬ್ಯಾಕ್‌ಗ್ರೌಂಡ್ ಅಪ್‌ಡೇಟ್ ಆನ್ ಮಾಡಿ. ಇದು 1.11.10ರಿಂದ ಇದೆ. ಅದೇ ಆವೃತ್ತಿಯಿಂದ ಎಂಜಿನ್‌ಎಕ್ಸ್, ಬ್ಯಾಕೆಂಡ್ ಕಳಿಸುವ ಸ್ಟೇಲ್ ವೈಲ್ ರೀವ್ಯಾಲಿಡೇಟ್ (ಹೊಸದು ಬರುವವರೆಗೆ ಇಷ್ಟು ಹೊತ್ತು ಹಳೆಯದನ್ನು ಕೊಡಬಹುದು ಎನ್ನುವ) ಸೂಚನೆಯನ್ನೂ ಪಾಲಿಸುತ್ತದೆ. 2010ರ ಆರ್‌ಎಫ್‌ಸಿ 5861 ಅದನ್ನು ವಿವರಿಸಿದೆ. ನನಗೆ ಕೇಳಿದರೆ ಬ್ಯಾಕೆಂಡ್‌ನಿಂದಲೇ ಸೂಚನೆ ಕಳಿಸುವ ಈ ದಾರಿಯೇ ಚೆಂದ. ಯಾವ ಪುಟ ಎಷ್ಟು ಹಳತಾದರೂ ನಡೆಯುತ್ತದೆ ಎಂಬುದು ಆ ಪುಟ ಬರೆದ ತಂಡಕ್ಕೆ ಗೊತ್ತಿರುತ್ತದೆ, ಪ್ರಾಕ್ಸಿ ನೋಡಿಕೊಳ್ಳುವವರಿಗೆ ಅಲ್ಲ.

ಇದರಲ್ಲಿ ಒಂದು ಅಪಾಯವಿದೆ. ಅಪರೂಪಕ್ಕೆ ನೋಡುವ ಪುಟಕ್ಕೆ ಇನ್‌ಆಕ್ಟಿವ್ ಅವಧಿಯನ್ನು ಒಂದು ವಾರ ಕೊಟ್ಟಿದ್ದರೆ, ಆರು ದಿನದ ಹಿಂದಿನ ಪ್ರತಿ ಮೊದಲು ಬಂದವರಿಗೆ ಹೋಗಬಹುದು. ಬೆಲೆ, ದಾಸ್ತಾನು, ಸೀಟುಗಳ ಲಭ್ಯತೆ ತೋರಿಸುವ ಪುಟಗಳಲ್ಲಿ ಇದನ್ನು ಬಳಸಬೇಡಿ.

ವಾರ್ನಿಶ್‌ನಲ್ಲಿ ಇದೇ ಕೆಲಸ ಮಾಡುವುದು ಗ್ರೇಸ್ ಎಂಬ ಸೆಟ್ಟಿಂಗ್. ಅದರ ಪೂರ್ವನಿಗದಿ 10 ಸೆಕೆಂಡ್ ಮಾತ್ರ. ಬ್ಯಾಕೆಂಡ್ ನಿಧಾನವಾಗಿದ್ದರೆ ಸಾಲದು.

ಹೊಸ ಕೋಡ್ ಡಿಪ್ಲಾಯ್ ಮಾಡಿದ (ಸರ್ವರ್‌ಗೆ ಹಾಕಿದ) ಕೂಡಲೇ ಇಡೀ ಕ್ಯಾಶ್ ಖಾಲಿ ಮಾಡುವ ಅಭ್ಯಾಸವಿದ್ದರೆ, ಎಲ್ಲ ಪುಟಗಳೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ತುಂಬುತ್ತವೆ, ಒಂದೇ ಹೊತ್ತಿಗೆ ಅವಧಿ ಮುಗಿಸುತ್ತವೆ. ಆಗ ಒಂದು ಪುಟಕ್ಕೆ ಒಂದೇ ರಿಕ್ವೆಸ್ಟ್ ಹೋದರೂ ಸಾವಿರ ಪುಟಕ್ಕೆ ಸಾವಿರ. ಬ್ಯಾಕೆಂಡ್ ಕಳಿಸುವ ಅವಧಿಯನ್ನು 600 ಸೆಕೆಂಡ್ ಎಂದು ನಿಗದಿ ಮಾಡುವ ಬದಲು 540ರಿಂದ 660ರ ನಡುವೆ ಒಂದೊಂದು ಉತ್ತರಕ್ಕೆ ಒಂದೊಂದು ಸಂಖ್ಯೆ ಕೊಡಿ. ಚಿಕ್ಕ ಬದಲಾವಣೆ, ಆದರೆ ಏರಿಕೆ ಚಪ್ಪಟೆಯಾಗುತ್ತದೆ.

ಸರಿಯಾಗಿ 5 ಸೆಕೆಂಡ್ ತಡ

ಲಾಗ್‌ನಲ್ಲಿ ಸ್ಟೇಟಸ್ ಮಿಸ್. ರಿಕ್ವೆಸ್ಟ್ ಟೈಮ್‌ನಿಂದ ಅಪ್‌ಸ್ಟ್ರೀಮ್ ಟೈಮ್ ಕಳೆದರೆ ಸುಮಾರು 5. ಇದು ಬಹಳ ಸ್ಪಷ್ಟ ಗುರುತು. ಪ್ರಾಕ್ಸಿ ಕ್ಯಾಶ್ ಲಾಕ್ ಟೈಮ್‌ಔಟ್ ಪೂರ್ವನಿಗದಿ 5 ಸೆಕೆಂಡ್. ಕಾಯುತ್ತಿದ್ದ ರಿಕ್ವೆಸ್ಟ್ ಅಷ್ಟು ಹೊತ್ತು ನೋಡಿ, ಆಮೇಲೆ ತಾನೇ ಬ್ಯಾಕೆಂಡ್‌ಗೆ ಹೋಗುತ್ತದೆ. ಹಾಗೆ ಹೋಗಿ ತಂದ ಉತ್ತರವನ್ನು ಎಂಜಿನ್‌ಎಕ್ಸ್ ಕ್ಯಾಶ್‌ನಲ್ಲಿ ಇಡುವುದೂ ಇಲ್ಲ.

ಅಂದರೆ ಪುಟ ತಯಾರಿಸಲು 7 ಸೆಕೆಂಡ್ ಬೇಕಿದ್ದರೆ ಏನಾಗುತ್ತದೆ ನೋಡಿ. ಮೊದಲನೆಯದು ಹೋಯಿತು. ಉಳಿದ 49 ಕಾದವು. 5ನೇ ಸೆಕೆಂಡಿಗೆ ಆ 49 ಒಟ್ಟಿಗೆ ಬ್ಯಾಕೆಂಡ್ ಮೇಲೆ ಬಿದ್ದವು. ನುಗ್ಗಾಟ ತಪ್ಪಲಿಲ್ಲ, 5 ಸೆಕೆಂಡ್ ಮುಂದಕ್ಕೆ ಹೋಯಿತು ಅಷ್ಟೇ. ಬಳಕೆದಾರರಿಗೆ 7 ಸೆಕೆಂಡಿನ ಬದಲು 12 ಸೆಕೆಂಡ್. ಲಾಕ್ ಹಾಕಿದ ಮೇಲೆ ಸೈಟ್ ನಿಧಾನವಾಯಿತು ಎನ್ನುವ ದೂರುಗಳ ಹಿಂದೆ ಇದು ಇರುತ್ತದೆ.

ಪುಟಕ್ಕೆ ನಿಜವಾಗಿ ಎಷ್ಟು ಸಮಯ ಬೇಕೋ ಅದಕ್ಕಿಂತ ಜಾಸ್ತಿ ಟೈಮ್‌ಔಟ್ ಇಡಿ. ಜೊತೆಗೆ ಪ್ರಾಕ್ಸಿ ಕ್ಯಾಶ್ ಲಾಕ್ ಏಜ್ ಎಂಬುದನ್ನೂ ಬದಲಿಸಬೇಕು. 1.7.8ರಲ್ಲಿ ಬಂದ ಅದರ ಪೂರ್ವನಿಗದಿಯೂ 5 ಸೆಕೆಂಡ್. ಮೊದಲ ರಿಕ್ವೆಸ್ಟ್ ಅಷ್ಟರಲ್ಲಿ ಮುಗಿಯದಿದ್ದರೆ ಇನ್ನೊಂದನ್ನು ಕಳಿಸಲು ಅದು ಅನುಮತಿ ಕೊಡುತ್ತದೆ. ಒಂದನ್ನು ಬದಲಿಸಿ ಇನ್ನೊಂದನ್ನು ಮರೆತರೆ, ಬ್ಯಾಕೆಂಡ್‌ಗೆ 1ರ ಬದಲು 2, 3 ಸಾಲು ಬರುತ್ತಲೇ ಇರುತ್ತವೆ. ಮೇಲೆ ಹೇಳಿದ ನಡುವಿನ ಸಂಖ್ಯೆಗೆ ಇದೂ ಒಂದು ಕಾರಣ.

ಆದರೆ ಟೈಮ್‌ಔಟ್ ಏರಿಸುವ ಮೊದಲು ಮೊದಲನೇ ರಿಕ್ವೆಸ್ಟ್‌ನ ಅಪ್‌ಸ್ಟ್ರೀಮ್ ಟೈಮ್ ನೋಡಿ. ಅದು 5 ಸೆಕೆಂಡ್‌ಗಿಂತ ಬಹಳ ಕಡಿಮೆ ಇದ್ದೂ ಉಳಿದವರು 5 ಸೆಕೆಂಡ್ ಕಾದಿದ್ದರೆ, ದೋಷ ಟೈಮ್‌ಔಟ್‌ನದ್ದಲ್ಲ. ಅದು ಇನ್ನೂ ಆಳದ ತೊಂದರೆ.

ಕ್ಯಾಶ್ ಆಗದ ಉತ್ತರಕ್ಕೆ ಸಾಲು ನಿಂತವರು

ಕಾಯಿಸುವ ಉಪಾಯ ನಿಂತಿರುವುದು ಒಂದು ನಂಬಿಕೆಯ ಮೇಲೆ: ಮೊದಲನೆಯವರಿಗೆ ಬರುವ ಉತ್ತರವನ್ನು ಉಳಿದವರಿಗೂ ಕೊಡಬಹುದು ಎಂದು. ಆದರೆ ಪ್ರಾಕ್ಸಿ ಕಾಯಿಸುವ ತೀರ್ಮಾನ ಮಾಡುವುದು ಉತ್ತರ ಬರುವ ಮೊದಲು. ಉತ್ತರ ಬಂದಾಗ ಅದರ ಹೆಡರ್‌ಗಳಲ್ಲಿ (ಉತ್ತರದ ಜೊತೆ ಬರುವ ಮಾಹಿತಿ ಸಾಲುಗಳು) ಬಳಕೆದಾರರಿಗೆ ಕುಕಿ ಕೊಡುವ ಸೆಟ್ ಕುಕಿ ಇದೆ ಅಂದುಕೊಳ್ಳಿ. ಅಥವಾ ಕ್ಯಾಶ್ ಕಂಟ್ರೋಲ್ ಹೆಡರ್‌ನಲ್ಲಿ ಪ್ರೈವೇಟ್ (ಒಬ್ಬರಿಗೆ ಮಾತ್ರ) ಅಥವಾ ನೋ ಸ್ಟೋರ್ (ಇಟ್ಟುಕೊಳ್ಳಬೇಡ) ಎಂದಿದೆ. ಅದನ್ನು ಇಡುವ ಹಾಗಿಲ್ಲ, ಹಂಚುವ ಹಾಗೂ ಇಲ್ಲ. ಮೊದಲನೆಯವರು ತಮ್ಮ ಉತ್ತರ ಹಿಡಿದು ಹೋದರು. ಈಗ ಎರಡನೆಯವರು ಲಾಕ್ ಹಿಡಿದು ಹೊರಟರು. ಉಳಿದ 48 ಮತ್ತೆ ಕಾಯುತ್ತಿವೆ. ಸಮಾನಾಂತರವಾಗಿ ಮುಗಿಯಬಹುದಾಗಿದ್ದ ಕೆಲಸ ಒಂದರ ಹಿಂದೊಂದು ನಡೆಯತೊಡಗುತ್ತದೆ. 5 ಸೆಕೆಂಡ್ ಆದ ಮೇಲೆ ಉಳಿದವೆಲ್ಲ ಒಟ್ಟಿಗೆ ನುಗ್ಗುತ್ತವೆ. ಈಗ ಟೈಮ್‌ಔಟ್ ಅನ್ನು 60 ಸೆಕೆಂಡ್ ಮಾಡಿದರೆ ಜನ ಒಂದು ನಿಮಿಷ ಕಾಯುತ್ತಾರೆ. ಲಾಕ್ ಎನ್ನುವುದು ಔಷಧದ ಬದಲು ರೋಗವಾಗುವುದು ಹೀಗೆ.

ಸ್ಕ್ವಿಡ್‌ನಲ್ಲಿ ಕೊಲ್ಯಾಪ್ಸ್ಡ್ ಫಾರ್ವರ್ಡಿಂಗ್ ಅನ್ನು ಪೂರ್ವನಿಗದಿಯಾಗಿ ಆಫ್ ಇಟ್ಟಿರುವುದಕ್ಕೂ ಇದೇ ಕಾರಣ. ಕ್ಯಾಶ್ ಆಗುವಂತೆ ಕಂಡು, ಕೊನೆಗೆ ಆಗದ ಉತ್ತರಗಳು ಜಾಸ್ತಿ ಇದ್ದರೆ ಕಾಯಿಸಿದ್ದು ಬರೀ ನಷ್ಟ. ಜಗತ್ತಿನ ಎಲ್ಲ ಸೈಟ್‌ಗಳಿಗೆ ಹೋಗುವ ಫಾರ್ವರ್ಡ್ ಪ್ರಾಕ್ಸಿಯಲ್ಲಿ ಅದು ಆಫ್ ಇರುವುದೇ ಸರಿ. ನಿಮ್ಮದೇ ಸೈಟ್‌ನ ಮುಂದೆ ನಿಂತ ರಿವರ್ಸ್ ಪ್ರಾಕ್ಸಿಯಲ್ಲಿ ಆನ್ ಮಾಡಬಹುದು, ಏಕೆಂದರೆ ಏನು ಕ್ಯಾಶ್ ಆಗುತ್ತದೆ ಎಂದು ನಿಮಗೆ ಗೊತ್ತಿದೆ.

ವಾರ್ನಿಶ್ ಇಲ್ಲಿ ಜಾಣತನ ತೋರಿಸುತ್ತದೆ. ಕ್ಯಾಶ್ ಆಗದ ಉತ್ತರ ಬಂದರೆ ಅದು ಹಿಟ್ ಫಾರ್ ಮಿಸ್ ಎಂಬ ಗುರುತನ್ನು 120 ಸೆಕೆಂಡ್ ಇಟ್ಟುಕೊಳ್ಳುತ್ತದೆ. ಆ ಅವಧಿಯಲ್ಲಿ ಆ ಪುಟಕ್ಕೆ ಯಾರನ್ನೂ ಕಾಯಿಸುವುದಿಲ್ಲ. ಆದರೆ ವಿಸಿಎಲ್ (ವಾರ್ನಿಶ್‌ನ ಕಾನ್ಫಿಗ್ ಭಾಷೆ) ಬರೆಯುವವರು ಕ್ಯಾಶ್ ಬೇಡ ಎಂದುಕೊಂಡು ಟಿಟಿಎಲ್ (ಕ್ಯಾಶ್ ಅವಧಿ) ಅನ್ನು 0 ಮಾಡಿಬಿಟ್ಟರೆ ಆ ಗುರುತು ಉಳಿಯುವುದಿಲ್ಲ, ಮತ್ತೆ ಸಾಲು ಶುರುವಾಗುತ್ತದೆ. ಟಿಟಿಎಲ್‌ಗೆ ಒಂದಿಷ್ಟು ಅವಧಿ ಕೊಟ್ಟು, ಅನ್‌ಕ್ಯಾಶೆಬಲ್ ಎಂದು ಗುರುತು ಮಾಡುವುದು ಸರಿಯಾದ ಕ್ರಮ. ನಿಮ್ಮ ವಾರ್ನಿಶ್‌ನಲ್ಲಿ ಜನ ಕಾಯುತ್ತಿದ್ದಾರೆಯೇ ಎಂದು ತಿಳಿಯಲು ವಾರ್ನಿಶ್‌ಸ್ಟಾಟ್‌ನಲ್ಲಿ ಬ್ಯುಸಿ ಸ್ಲೀಪ್ ಮತ್ತು ಬ್ಯುಸಿ ವೇಕಪ್ ಎಣಿಕೆಗಳನ್ನು ನೋಡಿ. ವಾರ್ನಿಶ್‌ಲಾಗ್‌ನಲ್ಲಿ ವೇಟಿಂಗ್‌ಲಿಸ್ಟ್ ಎಂಬ ಟೈಮ್‌ಸ್ಟಾಂಪ್ ಬಂದರೆ ಆ ರಿಕ್ವೆಸ್ಟ್ ಸಾಲಿನಲ್ಲಿ ನಿಂತಿತ್ತು.

ಎಂಜಿನ್‌ಎಕ್ಸ್‌ನಲ್ಲಿ ಪತ್ತೆ ಹಚ್ಚಲು ಪ್ರಾಕ್ಸಿ ಬಿಟ್ಟು ಬ್ಯಾಕೆಂಡ್‌ಗೆ ನೇರವಾಗಿ ಕರ್ಲ್ ಆಜ್ಞೆಯಿಂದ ಒಂದು ರಿಕ್ವೆಸ್ಟ್ ಕಳಿಸಿ, ಹೆಡರ್‌ಗಳನ್ನು ಓದಿ. ಯಾವ ಕುಕಿಯೂ ಇಲ್ಲದೆ ಕಳಿಸಿ. ಲಾಗಿನ್ ಆಗದವರಿಗೂ ಸೆಷನ್ ಕುಕಿ ಕೊಡುವ ಫ್ರೇಮ್‌ವರ್ಕ್‌ಗಳು ಬೇಕಾದಷ್ಟಿವೆ. ಅದೇ ಅಪರಾಧಿಯಾಗಿದ್ದರೆ ಸರಿಪಡಿಸಬೇಕಾದ್ದು ಅಲ್ಲಿ, ಬ್ಯಾಕೆಂಡ್‌ನಲ್ಲಿ. ಅಗತ್ಯವಿಲ್ಲದ ಪುಟಗಳಲ್ಲಿ ಸೆಷನ್ ತೆರೆಯದ ಹಾಗೆ ಮಾಡಿ.

ಪ್ರಾಕ್ಸಿ ಇಗ್ನೋರ್ ಹೆಡರ್ಸ್‌ನಲ್ಲಿ ಸೆಟ್ ಕುಕಿ ಹಾಕಿ ಒಂದೇ ಸಾಲಿನಲ್ಲಿ ಮುಗಿಸುವ ಸಲಹೆಗಳು ಎಲ್ಲೆಡೆ ಸಿಗುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಉತ್ತರವನ್ನು ಕುಕಿ ಸಮೇತ ಕ್ಯಾಶ್ ಮಾಡುತ್ತದೆ. ಒಬ್ಬರ ಸೆಷನ್ ಕುಕಿ ಮುಂದೆ ಬರುವ ಎಲ್ಲರಿಗೂ ಹೋಗುತ್ತದೆ. ಒಬ್ಬರ ಖಾತೆ ಇನ್ನೊಬ್ಬರ ಪರದೆ ಮೇಲೆ ತೆರೆದುಕೊಳ್ಳುತ್ತದೆ. ನಿಧಾನದ ಸೈಟ್ ಅನ್ನು ಜನ ಕ್ಷಮಿಸುತ್ತಾರೆ, ಇದನ್ನು ಕ್ಷಮಿಸುವುದಿಲ್ಲ, ಕ್ಷಮಿಸಲೂಬಾರದು. ಬೇರೆ ದಾರಿಯೇ ಇಲ್ಲದೆ ಇಗ್ನೋರ್ ಮಾಡುವುದಾದರೆ, ಪ್ರಾಕ್ಸಿ ಹೈಡ್ ಹೆಡರ್‌ನಿಂದ ಅದೇ ಹೆಡರ್ ಅನ್ನು ತೆಗೆದುಹಾಕಿ. ಆ ಪುಟದಲ್ಲಿ ಹೆಸರು, ಮೊಬೈಲ್ ಸಂಖ್ಯೆ, ಕಾರ್ಟ್‌ನಂಥ ಯಾವ ವೈಯಕ್ತಿಕ ಅಂಶವೂ ಇಲ್ಲ ಎಂದು ಕಣ್ಣಾರೆ ನೋಡಿದ ಮೇಲೆ ಮಾತ್ರ.

ಲಾಗಿನ್ ಆದವರನ್ನು ಸಾಲಿನಿಂದ ಹೊರಗಿಡುವುದು ಸುಲಭ. ಅವರ ಸೆಷನ್ ಕುಕಿ ಇದ್ದರೆ ಪ್ರಾಕ್ಸಿ ಕ್ಯಾಶ್ ಬೈಪಾಸ್ ಮತ್ತು ಪ್ರಾಕ್ಸಿ ನೋ ಕ್ಯಾಶ್ ಎರಡೂ ಅನ್ವಯಿಸುವಂತೆ ಬರೆಯಿರಿ. ಬೈಪಾಸ್ ಆದ ರಿಕ್ವೆಸ್ಟ್ ಲಾಕ್‌ಗಾಗಿ ಕಾಯುವುದೇ ಇಲ್ಲ.

ಮೊದಲ ರಿಕ್ವೆಸ್ಟ್ ವಿಫಲವಾದಾಗಲೂ ಇದೇ ಸಾಲು ಕಾಣಿಸುತ್ತದೆ. 500 ಬಂತು, ಕ್ಯಾಶ್ ಆಗಲಿಲ್ಲ, ಮುಂದಿನವರು ಹೊರಟರು, ಅವರಿಗೂ 500. ಬಿದ್ದ ಬ್ಯಾಕೆಂಡ್ ಏಳುವುದಕ್ಕೆ ಬಿಡುವೇ ಸಿಗುವುದಿಲ್ಲ. ಯೂಸ್ ಸ್ಟೇಲ್ ಸಾಲಿಗೆ ಎರರ್, ಟೈಮ್‌ಔಟ್ ಮತ್ತು 500, 502, 504 ಸೇರಿಸಿ. ಹಳೆಯ ಪ್ರತಿಯೂ ಇಲ್ಲದ ಪುಟಗಳಿಗೆ ಪ್ರಾಕ್ಸಿ ಕ್ಯಾಶ್ ವ್ಯಾಲಿಡ್‌ನಲ್ಲಿ ಈ ದೋಷಗಳನ್ನೇ 1 ಸೆಕೆಂಡ್ ಕ್ಯಾಶ್ ಮಾಡಿಸಿ. ಆ 1 ಸೆಕೆಂಡ್ ಬ್ಯಾಕೆಂಡ್‌ಗೆ ಉಸಿರಾಡಲು ಸಿಗುತ್ತದೆ.

ಹಿಟ್ ಆಗಿದ್ದೂ ಅರ್ಧ ಸೆಕೆಂಡ್

ಸ್ಟೇಟಸ್ ಹಿಟ್, ಅಪ್‌ಸ್ಟ್ರೀಮ್ ಟೈಮ್ ಜಾಗದಲ್ಲಿ ಗೆರೆ, ಆದರೂ ರಿಕ್ವೆಸ್ಟ್ ಟೈಮ್ 0.5 ಅಥವಾ 1.0 ಸೆಕೆಂಡಿನ ಆಸುಪಾಸು. ಡಿಸ್ಕ್ ನಿಧಾನ ಎಂದು ಅನುಮಾನ ಪಡಬೇಡಿ. ಲಾಕ್‌ಗಾಗಿ ಕಾಯುವ ರಿಕ್ವೆಸ್ಟ್‌ಗೆ ಎಂಜಿನ್‌ಎಕ್ಸ್ ಉತ್ತರ ಬಂದ ಕ್ಷಣವೇ ಸುದ್ದಿ ಮುಟ್ಟಿಸುವುದಿಲ್ಲ. ಅದು 500 ಮಿಲಿಸೆಕೆಂಡಿಗೊಮ್ಮೆ ತಾನೇ ಎದ್ದು ನೋಡುತ್ತದೆ. ಹಾಗಾಗಿ 50 ಮಿಲಿಸೆಕೆಂಡಿನಲ್ಲಿ ತಯಾರಾಗುವ ಪುಟಕ್ಕೂ ಕಾದವರಿಗೆ ಅರ್ಧ ಸೆಕೆಂಡ್ ಹಿಡಿಯುತ್ತದೆ.

ಇದು ದೋಷವಲ್ಲ, ಆದರೆ ಲಾಕ್ ಅನ್ನು ಎಲ್ಲಿ ಹಾಕಬೇಕು ಎಂಬುದನ್ನು ತೀರ್ಮಾನಿಸುತ್ತದೆ. ಸೆಕೆಂಡುಗಟ್ಟಲೆ ಹಿಡಿಯುವ ಭಾರದ ಪುಟಗಳ ಲೊಕೇಶನ್‌ಗೆ ಮಾತ್ರ ಹಾಕಿ. ಚಕಚಕನೆ ಬರುವ ಚಿಕ್ಕ ಎಪಿಐ ಉತ್ತರಗಳಿಗೆ (ಪುಟದ ಬದಲು ಆ್ಯಪ್‌ಗಳು ಕೇಳುವ ಬರೀ ಡೇಟಾ) ಹಾಕಿದರೆ ಉಳಿಸಿದ್ದಕ್ಕಿಂತ ಕಳೆದುಕೊಂಡದ್ದು ಜಾಸ್ತಿ.

ನಿಮಗೆ ಒಂದೇ ಪುಟ, ಪ್ರಾಕ್ಸಿಗೆ ಬೇರೆ ಬೇರೆ

ಪ್ರಾಕ್ಸಿ ನೋಡುವುದು ಕ್ಯಾಶ್ ಕೀ ಮಾತ್ರ. ಎಂಜಿನ್‌ಎಕ್ಸ್ ತಾನಾಗಿ ಬಳಸುವ ಕೀಯಲ್ಲಿ ಇಡೀ ಯುಆರ್‌ಐ (ಯುಆರ್‌ಎಲ್‌ನಲ್ಲಿ ಸೈಟ್ ಹೆಸರಿನ ನಂತರದ ಭಾಗ) ಸೇರಿರುತ್ತದೆ, ಪ್ರಶ್ನಾರ್ಥಕ ಚಿಹ್ನೆಯ ನಂತರದ್ದೂ ಸೇರಿ. ಫೇಸ್‌ಬುಕ್‌ನಿಂದ ಬಂದವರ ಲಿಂಕ್‌ನಲ್ಲಿ ಎಫ್‌ಬಿಕ್ಲಿಡ್ ಎಂಬ ಬಾಲ ಇರುತ್ತದೆ, ಅದು ಒಂದೊಂದು ಕ್ಲಿಕ್‌ಗೂ ಬೇರೆ. ಒಂದು ಸುದ್ದಿ ಹಬ್ಬಿದಾಗ ಬರುವ ಸಾವಿರ ಜನರಿಗೆ ಸಾವಿರ ಕೀ. ಯಾವ ಲಾಕ್ ಕೂಡ ಅವರನ್ನು ಒಟ್ಟು ಸೇರಿಸಲಾರದು. ಲಾಗ್‌ನಲ್ಲಿ ಪೂರ್ತಿ ಯುಆರ್‌ಐ ಬರೆಸಿ ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಬ್ಯಾಕೆಂಡ್‌ಗೆ ಬೇಡದ ಇಂಥ ಬಾಲಗಳನ್ನು ಕೀ ಕಟ್ಟುವ ಮೊದಲೇ ಕತ್ತರಿಸಿ.

ಉತ್ತರ ಯಾವುದರ ಮೇಲೆ ಬದಲಾಗುತ್ತದೆ ಎಂದು ಹೇಳುವ ವೇರಿ ಹೆಡರ್‌ನಲ್ಲಿ ಯೂಸರ್ ಏಜೆಂಟ್ (ಬ್ರೌಸರ್‌ನ ಗುರುತು) ಇದ್ದರೂ ಇದೇ ಕಥೆ. ಒಂದೊಂದು ಬ್ರೌಸರ್ ಆವೃತ್ತಿಗೂ ಒಂದೊಂದು ಪ್ರತಿ.

ನಿಜವಾಗಿಯೇ ಬೇರೆ ಬೇರೆ ಇರುವ ಉತ್ತರಗಳಿಗೆ ಈ ಉಪಾಯವೇ ಇಲ್ಲ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಲಕ್ಷಾಂತರ ಮಕ್ಕಳು ಒಂದೇ ಹೊತ್ತಿಗೆ ಬರುತ್ತಾರೆ. ಆದರೆ ಒಬ್ಬೊಬ್ಬರ ನೋಂದಣಿ ಸಂಖ್ಯೆಯೂ ಬೇರೆ, ಅಂಕಪಟ್ಟಿಯೂ ಬೇರೆ. ಅಲ್ಲಿ ಮುಖಪುಟ, ಚಿತ್ರ, ಸ್ಕ್ರಿಪ್ಟ್ ಫೈಲ್‌ಗಳಿಗೆ ಮಾತ್ರ ಕೊಲ್ಯಾಪ್ಸಿಂಗ್ ನೆರವಾಗುತ್ತದೆ. ಅಂಕಗಳ ಹೊರೆಗೆ ಬೇರೆ ವ್ಯವಸ್ಥೆ ಬೇಕು.

ದೊಡ್ಡ ಫೈಲ್ ಮತ್ತು ವಿಡಿಯೋ

ಎಂಜಿನ್‌ಎಕ್ಸ್‌ನಲ್ಲಿ ಕಾಯುವವರು ಇಡೀ ಫೈಲ್ ಕ್ಯಾಶ್‌ಗೆ ಬಂದು ಮುಗಿಯುವವರೆಗೆ ಕಾಯಬೇಕು. ಅರ್ಧ ಬಂದದ್ದನ್ನು ಹಂಚುವುದಿಲ್ಲ. 2 ಜಿಬಿಯ ಫೈಲ್ ಆದರೆ 5 ಸೆಕೆಂಡ್ ಟೈಮ್‌ಔಟ್ ಖಂಡಿತ ಮೀರುತ್ತದೆ, ಎಲ್ಲರೂ ಹಿಂದಕ್ಕೆ ಹೋಗುತ್ತಾರೆ. ಮೇಲಾಗಿ ಕ್ಯಾಶ್ ಆನ್ ಇದ್ದಾಗ ಎಂಜಿನ್‌ಎಕ್ಸ್ ಗ್ರಾಹಕರ ರೇಂಜ್ ಹೆಡರ್ (ಫೈಲ್‌ನ ಒಂದು ಭಾಗ ಮಾತ್ರ ಕೇಳುವುದು) ಅನ್ನು ಬ್ಯಾಕೆಂಡ್‌ಗೆ ದಾಟಿಸುವುದಿಲ್ಲ, ಪೂರ್ತಿ ಫೈಲ್ ಕೇಳುತ್ತದೆ. ಇದಕ್ಕೆ ಸ್ಲೈಸ್ ಮಾಡ್ಯೂಲ್ ಇದೆ. ಅದು ಫೈಲ್ ಅನ್ನು ನೀವು ಹೇಳಿದ ಗಾತ್ರಕ್ಕೆ, ಉದಾಹರಣೆಗೆ 1 ಎಂಬಿಯಂತೆ, ತುಂಡು ಮಾಡಿ ಒಂದೊಂದನ್ನೂ ಬೇರೆ ಪ್ರತಿಯಾಗಿ ಇಡುತ್ತದೆ. ತುಂಡು ಚಿಕ್ಕದಾದ್ದರಿಂದ ಲಾಕ್ ಬೇಗ ಬಿಡುತ್ತದೆ. ಮೂಲ ಕೋಡ್‌ನಿಂದ ಕಟ್ಟುವಾಗ ಈ ಮಾಡ್ಯೂಲ್ ತಾನಾಗಿ ಸೇರುವುದಿಲ್ಲ, ನೀವೇ ಕೇಳಬೇಕು. ವಾರ್ನಿಶ್ ಹೆಡರ್ ಬಂದ ಕೂಡಲೇ ಕಾದವರನ್ನು ಬಿಟ್ಟು, ಬರುತ್ತಿರುವ ಡೇಟಾವನ್ನು ಎಲ್ಲರಿಗೂ ಹರಿಸುತ್ತದೆ. ಅಪಾಚೆ ಟ್ರಾಫಿಕ್ ಸರ್ವರ್ ಎಂಬ ಇನ್ನೊಂದು ಪ್ರಾಕ್ಸಿಯಲ್ಲಿ ರೀಡ್ ವೈಲ್ ರೈಟರ್ ಆನ್ ಮಾಡಿದರೆ ಅದೂ ಹೀಗೆ ನಡೆದುಕೊಳ್ಳುತ್ತದೆ.

ನೇರಪ್ರಸಾರದಲ್ಲಿ ಈ ವಿಷಯ ಪೂರ್ತಿ ತೂಕ ಪಡೆಯುತ್ತದೆ. 2023ರ ನವೆಂಬರ್ 19ರಂದು ವಿಶ್ವಕಪ್ ಕ್ರಿಕೆಟ್ ಫೈನಲ್ ಅನ್ನು ಹಾಟ್‌ಸ್ಟಾರ್‌ನಲ್ಲಿ ಒಂದೇ ಹೊತ್ತಿಗೆ 5.9 ಕೋಟಿ ಜನ ನೋಡುತ್ತಿದ್ದರು. ಇಂಥ ಪ್ರಸಾರದಲ್ಲಿ ಕೆಲವೇ ಸೆಕೆಂಡಿಗೊಂದು ಹೊಸ ವಿಡಿಯೋ ತುಂಡು ಹುಟ್ಟುತ್ತದೆ. ಎಲ್ಲರಿಗೂ ಅದು ಆಗಲೇ ಬೇಕು. ಅಂದರೆ ಹುಟ್ಟಿದ ಪ್ರತಿ ತುಂಡೂ ಮೊದಲು ಒಂದು ಮಿಸ್.

ಪ್ರಾಕ್ಸಿ ಒಂದಕ್ಕಿಂತ ಜಾಸ್ತಿ ಇದ್ದಾಗ

ಲಾಕ್ ಇರುವುದು ಕೀಸ್ ಝೋನ್ ಎಂಬ ಹಂಚಿಕೆಯ ಮೆಮೊರಿಯಲ್ಲಿ. ಒಂದು ಯಂತ್ರದ ಎಲ್ಲ ವರ್ಕರ್‌ಗಳಿಗೂ ಅದು ಕಾಣುತ್ತದೆ. ಪಕ್ಕದ ಯಂತ್ರಕ್ಕೆ ಕಾಣುವುದಿಲ್ಲ. ಹಾಗಾಗಿ 8 ಪ್ರಾಕ್ಸಿ ಇದ್ದರೆ ಬ್ಯಾಕೆಂಡ್‌ಗೆ ಒಂದು ಪುಟಕ್ಕೆ 8 ರಿಕ್ವೆಸ್ಟ್ ಹೋಗುತ್ತವೆ. 600ಕ್ಕೆ ಹೋಲಿಸಿದರೆ 8 ಏನೂ ಅಲ್ಲ. ಹೆಚ್ಚಿನ ಕಡೆ ಇಲ್ಲಿಗೆ ನಿಲ್ಲಿಸಬಹುದು, ನಿಲ್ಲಿಸಿ.

ಒಂದೊಂದು ರಿಕ್ವೆಸ್ಟ್ ಕೂಡ ದುಬಾರಿಯಾಗಿದ್ದರೆ ಎರಡು ದಾರಿ ಇವೆ. ಪ್ರಾಕ್ಸಿಗಳಿಗೆ ರಿಕ್ವೆಸ್ಟ್ ಹಂಚುವ ಮುಂದಿನ ಲೋಡ್ ಬ್ಯಾಲೆನ್ಸರ್‌ನಲ್ಲಿ ಯುಆರ್‌ಐ ಮೇಲೆ ಕನ್ಸಿಸ್ಟೆಂಟ್ ಹ್ಯಾಶ್ ಹಾಕಿ, ಒಂದು ಪುಟ ಯಾವಾಗಲೂ ಒಂದೇ ಪ್ರಾಕ್ಸಿಗೆ ಹೋಗುವಂತೆ ಮಾಡಬಹುದು. ಇದರಲ್ಲಿ ಬಹಳ ಬಿಸಿಯಾದ ಒಂದು ಪುಟ ಒಂದೇ ಯಂತ್ರವನ್ನು ಸುಡಬಹುದು. ಅಥವಾ 8 ಪ್ರಾಕ್ಸಿಗಳ ಹಿಂದೆ ಇನ್ನೊಂದು ಕ್ಯಾಶ್ ಮಟ್ಟ ಇಡಬಹುದು. ಸಿಡಿಎನ್‌ಗಳಲ್ಲಿ (ಹಲವು ಊರುಗಳಲ್ಲಿ ಕ್ಯಾಶ್ ಸರ್ವರ್ ಇಟ್ಟಿರುವ ಜಾಲಗಳು) ಶೀಲ್ಡ್ ಎನ್ನುವುದು ಇದನ್ನೇ.

ನಿಮ್ಮ ಸಿಡಿಎನ್ 2022ರ ಆರ್‌ಎಫ್‌ಸಿ 9211ರಲ್ಲಿ ಹೇಳಿದ ಕ್ಯಾಶ್ ಸ್ಟೇಟಸ್ ಹೆಡರ್ ಕಳಿಸುತ್ತಿದ್ದರೆ ಅದನ್ನು ಓದಿ. ಯಾವ ಮಟ್ಟದಲ್ಲಿ ಹಿಟ್, ಎಲ್ಲಿಂದ ಮುಂದೆ ಕಳಿಸಿತು ಎಂಬುದು ಅದರಲ್ಲಿ ಸರಣಿಯಾಗಿ ಬರುತ್ತದೆ. ಬೇರೆಯವರ ಜೊತೆ ಸೇರಿಸಿ ಕಾಯಿಸಿದ ರಿಕ್ವೆಸ್ಟ್‌ಗೆ ಕೊಲ್ಯಾಪ್ಸ್ಡ್ ಎಂಬ ಗುರುತೂ ಇರುತ್ತದೆ. ಮಟ್ಟಗಳು ಜಾಸ್ತಿಯಾದಾಗ ಕಾಯುವ ಸಮಯಗಳೂ ಒಂದರ ಮೇಲೊಂದು ಕೂಡುತ್ತವೆ. ಹೊರಗಿನ ಮಟ್ಟದ ಟೈಮ್‌ಔಟ್ ಒಳಗಿನದಕ್ಕಿಂತ ದೊಡ್ಡದಿರಲಿ. ಹೊರಗೆ 5, ಒಳಗೆ 15 ಎಂದು ಇಟ್ಟರೆ ಹೊರಗಿನವರು ತಾಳ್ಮೆ ಕಳೆದುಕೊಂಡು ಶೀಲ್ಡ್ ಮೇಲೆಯೇ ನುಗ್ಗುತ್ತಾರೆ. ಶೀಲ್ಡ್‌ನ ಲಾಗ್‌ನಲ್ಲಿ ಒಂದೇ ಯುಆರ್‌ಎಲ್‌ಗೆ 5 ಸೆಕೆಂಡಿನ ಅಂತರದಲ್ಲಿ ಎರಡು ಅಲೆಗಳು ಕಂಡರೆ ಮೊದಲು ನೋಡಬೇಕಾದ್ದು ಈ ಎರಡು ಸಂಖ್ಯೆಗಳನ್ನು.